ಕಂಪನಿಗಳಿಗೆ ಕೊಟ್ಟ ಸಾರ್ವಜನಿಕ ಹಣದ ಲೆಕ್ಕ ಕೇಳುವುದು ಹೇಗೆ?

2017ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯ ಫಾಕ್ಸ್‌ಕಾನ್ ಕಂಪನಿಗೆ ಸುಮಾರು 300 ಕೋಟಿ ಡಾಲರ್ ನೆರವು ಘೋಷಿಸಿತು. ಕಂಪನಿ 1,000 ಕೋಟಿ ಡಾಲರ್ ಹೂಡಿ 13,000 ಜನರಿಗೆ ಕೆಲಸ ಕೊಡುವುದಾಗಿ ಹೇಳಿತು. 2021ರಲ್ಲಿ ಒಪ್ಪಂದವನ್ನು ತಿದ್ದಿ ಬರೆದಾಗ ಉಳಿದದ್ದು 1,454 ಕೆಲಸ ಮತ್ತು ಗರಿಷ್ಠ 8 ಕೋಟಿ ಡಾಲರ್ ನೆರವು.

ಈ ಕತೆ ಕೇಳಿದವರು ರಾಜ್ಯದ 300 ಕೋಟಿ ಮುಳುಗಿತು ಎಂದುಕೊಳ್ಳುತ್ತಾರೆ. ಆದರೆ ಆ ನೆರವು ಹೆಚ್ಚಾಗಿ ತೆರಿಗೆ ರಿಯಾಯಿತಿಯ ರೂಪದಲ್ಲಿತ್ತು, ಅದರ ಬಹುಪಾಲು ಬೊಕ್ಕಸ ಬಿಟ್ಟು ಕದಲಲೇ ಇಲ್ಲ. ಪ್ರತಿ ವರ್ಷ ಇಂತಿಷ್ಟು ಜನರನ್ನು ನೇಮಿಸಿದರೆ ಮಾತ್ರ ರಿಯಾಯಿತಿ ಎಂದು ಮೂಲ ಒಪ್ಪಂದದಲ್ಲೇ ಇತ್ತು. 2018ರ ಕನಿಷ್ಠ ಗುರಿ 260 ಮಂದಿ. ಕಂಪನಿ ಅಷ್ಟನ್ನೂ ಮುಟ್ಟಲಿಲ್ಲ, ಆ ವರ್ಷದ ರಿಯಾಯಿತಿ ಸಿಗಲಿಲ್ಲ. 2020ರಲ್ಲಿ ಮತ್ತೆ ಕೇಳಿದಾಗ, ನೀವು ಕಟ್ಟಿರುವುದು ಒಪ್ಪಂದದಲ್ಲಿದ್ದ ಕಾರ್ಖಾನೆಯೇ ಅಲ್ಲ ಎಂದು ರಾಜ್ಯ ನಿರಾಕರಿಸಿತು. ಪೆಟ್ಟು ಬಿದ್ದದ್ದು ಬೇರೆ ಕಡೆ. ಕಾರ್ಖಾನೆ ಬರಬೇಕಿದ್ದ ಮೌಂಟ್ ಪ್ಲೆಸೆಂಟ್‌ನ ಸ್ಥಳೀಯ ಆಡಳಿತ ಸಾಲ ಎತ್ತಿ ಜಮೀನು ಕೊಂಡಿತ್ತು, ರಸ್ತೆ ಮತ್ತು ನೀರಿನ ಕೊಳವೆಗೆ ದುಡ್ಡು ಸುರಿದಿತ್ತು, ಅಲ್ಲಿದ್ದ ಮನೆಗಳನ್ನು ತೆರವು ಮಾಡಿಸಿತ್ತು. ಕಂಪನಿ ಎಷ್ಟು ಜನರಿಗೆ ಕೆಲಸ ಕೊಟ್ಟಿತು ಎಂದು ಎಣಿಸುವ ದಿನ ಬರುವ ಮೊದಲೇ ಆ ಖರ್ಚು ಆಗಿಹೋಗಿತ್ತು.

ಹಾಗಾಗಿ ಘೋಷಣೆಯ ದಿನ ಎಷ್ಟು ಮೊತ್ತ ಹೇಳಿದರು ಎಂಬುದಕ್ಕಿಂತ, ಯಾವ ಹಣ ಯಾವ ಷರತ್ತಿನ ಮೇಲೆ ಯಾವಾಗ ಹೊರಹೋಗುತ್ತದೆ ಎಂಬುದು ಮುಖ್ಯ. ಅದು ಪತ್ರಿಕಾ ಪ್ರಕಟಣೆಯಲ್ಲಿ ಸಿಗುವುದಿಲ್ಲ, ಒಪ್ಪಂದದ ಪುಟಗಳಲ್ಲಿ ಸಿಗುತ್ತದೆ. ಆ ಪುಟಗಳನ್ನು ತರಿಸಿಕೊಂಡು, ಓದಿ, ಲೆಕ್ಕ ಹಾಕಿ, ಸರಿಯಾದ ಜಾಗದಲ್ಲಿ ಪ್ರಶ್ನೆ ಕೇಳುವ ದಾರಿಯನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ಇದಕ್ಕೆ ವಕೀಲರೋ ಅರ್ಥಶಾಸ್ತ್ರಜ್ಞರೋ ಆಗಿರಬೇಕಿಲ್ಲ. ತಾಳ್ಮೆ ಬೇಕು, ಒಂದು ನೋಟ್‌ಬುಕ್ ಬೇಕು.

ಹಂತ 1: ನೆರವು ಯಾವ ರೂಪದಲ್ಲಿದೆ ಎಂದು ಗುರುತಿಸಿ

ಸಬ್ಸಿಡಿ ಎಂದರೆ ಸರ್ಕಾರ ಕಂಪನಿಗೆ ಬರೆದುಕೊಡುವ ಚೆಕ್ ಎಂದು ಹಲವರು ತಿಳಿದಿದ್ದಾರೆ. ಆ ರೂಪದ ನೆರವನ್ನು ಹುಡುಕುವುದು ಸುಲಭ, ಏಕೆಂದರೆ ಬಜೆಟ್‌ನಲ್ಲಿ ಅದಕ್ಕೊಂದು ಸಾಲು ಇರುತ್ತದೆ. ದೊಡ್ಡ ಮೊತ್ತಗಳು ಸಾಮಾನ್ಯವಾಗಿ ಚೆಕ್ಕಿನ ರೂಪದಲ್ಲಿ ಇರುವುದಿಲ್ಲ.

1995ರ ಜನವರಿ 1ರಿಂದ ಜಾರಿಯಲ್ಲಿರುವ ವಿಶ್ವ ವ್ಯಾಪಾರ ಸಂಸ್ಥೆಯ ಸಬ್ಸಿಡಿ ಒಪ್ಪಂದದ ಮೊದಲ ವಿಧಿ ಇಲ್ಲಿ ಒಳ್ಳೆಯ ಜರಡಿ. ಸರ್ಕಾರ ನೇರವಾಗಿ ಹಣ ಕೊಡುವುದು, ಸಾಲಕ್ಕೆ ಜಾಮೀನು ನಿಲ್ಲುವುದು, ಬರಬೇಕಿದ್ದ ಆದಾಯವನ್ನು ಬಿಟ್ಟುಕೊಡುವುದು, ಸಾಮಾನ್ಯ ಮೂಲಸೌಕರ್ಯದ ಆಚೆಗೆ ಸರಕು ಅಥವಾ ಸೇವೆ ಒದಗಿಸುವುದು, ಇವೆಲ್ಲ ಅದರ ಪ್ರಕಾರ ಆರ್ಥಿಕ ನೆರವೇ. ಅದರಿಂದ ಕಂಪನಿಗೆ ಅನುಕೂಲ ಆಗಿದ್ದರೆ ಅದು ಸಬ್ಸಿಡಿ.

ಈ ಜರಡಿ ಹಿಡಿದು ನಿಮ್ಮ ಮುಂದಿರುವ ಪ್ರಕರಣವನ್ನು ನೋಡಿ. ಜಮೀನನ್ನು ಮಾರುಕಟ್ಟೆ ದರಕ್ಕಿಂತ ಕಡಿಮೆಗೆ ಕೊಟ್ಟಿದ್ದಾರೆಯೇ? ನೋಂದಣಿ ಶುಲ್ಕ ಬಿಟ್ಟಿದ್ದಾರೆಯೇ? ವಿದ್ಯುತ್ ದರದಲ್ಲಿ ರಿಯಾಯಿತಿ ಇದೆಯೇ? ಬಡ್ಡಿಯ ಒಂದು ಭಾಗವನ್ನು ಸರ್ಕಾರ ಭರಿಸುತ್ತಿದೆಯೇ? ಕಾರ್ಮಿಕರ ತರಬೇತಿಗೆ ದುಡ್ಡು ಕೊಟ್ಟಿದೆಯೇ? ಕಾರ್ಖಾನೆಯ ಗೇಟಿನ ತನಕ ಮಾತ್ರ ಹೋಗುವ ರಸ್ತೆಗೆ ದುಡ್ಡು ಯಾರದು? ಒಂದೊಂದಕ್ಕೂ ಒಂದೊಂದು ಇಲಾಖೆ, ಒಂದೊಂದು ಕಡತ. ಇಡೀ ಮೊತ್ತವನ್ನು ಕೂಡಿಸಿದ ಕಾಗದ ಯಾವ ಕಚೇರಿಯಲ್ಲೂ ಇರದಿರಬಹುದು. ಕೂಡಿಸುವ ಕೆಲಸ ಆಗ ನಿಮ್ಮ ಪಾಲಿಗೆ ಬರುತ್ತದೆ.

ಜಾಮೀನಿನ ಬಗ್ಗೆ ಎರಡು ಮಾತು ಹೆಚ್ಚಿಗೆ ಹೇಳಬೇಕು, ಏಕೆಂದರೆ ಅದು ಸಹಿ ಬೀಳುವ ದಿನ ಖರ್ಚಿನಂತೆ ಕಾಣುವುದೇ ಇಲ್ಲ. 2010ರಲ್ಲಿ ಅಮೆರಿಕದ ರೋಡ್ ಐಲೆಂಡ್ ರಾಜ್ಯ, ಮಾಜಿ ಬೇಸ್‌ಬಾಲ್ ಆಟಗಾರ ಕರ್ಟ್ ಶಿಲ್ಲಿಂಗ್ ಕಟ್ಟಿದ್ದ 38 ಸ್ಟುಡಿಯೋಸ್ ಎಂಬ ವಿಡಿಯೊ ಗೇಮ್ ಕಂಪನಿಯ 7.5 ಕೋಟಿ ಡಾಲರ್ ಸಾಲಕ್ಕೆ ಬೆನ್ನಿಗೆ ನಿಂತಿತು. 2012ರಲ್ಲಿ ಕಂಪನಿ ದಿವಾಳಿಯಾಯಿತು, ಸಾಲದ ಹೊರೆ ತೆರಿಗೆದಾರರ ತಲೆಗೆ ಬಂತು. ನೀವು ನೋಡುವ ಕಡತದಲ್ಲಿ ‘ಖಾತರಿ’, ‘ಹೊಣೆ’ ಎಂಬ ಪದಗಳು ಕಂಡರೆ ಅಡಿಗೆರೆ ಹಾಕಿಕೊಳ್ಳಿ.

ತೆರಿಗೆ ಇಲಾಖೆಯ ಒಂದು ಪತ್ರವೂ ಸಬ್ಸಿಡಿ ಆಗಬಹುದು. ಆಪಲ್ ಕಂಪನಿಯ ಲಾಭವನ್ನು ಹೀಗೆ ಲೆಕ್ಕ ಹಾಕಬಹುದು ಎಂದು ಐರ್ಲೆಂಡ್‌ನ ತೆರಿಗೆ ಅಧಿಕಾರಿಗಳು 1991 ಮತ್ತು 2007ರಲ್ಲಿ ಕೊಟ್ಟ ನಿರ್ಣಯಗಳೇ ಕಾನೂನುಬಾಹಿರ ಸರ್ಕಾರಿ ನೆರವು ಎಂದು ಯುರೋಪಿಯನ್ ಒಕ್ಕೂಟದ ಆಡಳಿತಾಂಗವಾದ ಯುರೋಪಿಯನ್ ಕಮಿಷನ್ 2016ರಲ್ಲಿ ತೀರ್ಮಾನಿಸಿತು. ಸುಮಾರು 1,300 ಕೋಟಿ ಯೂರೊ ವಸೂಲಿಗೆ ಆದೇಶಿಸಿತು. 2024ರ ಸೆಪ್ಟೆಂಬರ್‌ನಲ್ಲಿ ಯುರೋಪಿನ ಉನ್ನತ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು.

ಹಂತ 2: ಕಾಗದಗಳ ಸರಪಳಿ ಬರೆದುಕೊಳ್ಳಿ

ಯಾವ ದೇಶವಾದರೂ ಸರ್ಕಾರಿ ನೆರವು ಹೆಚ್ಚುಕಡಿಮೆ ಒಂದೇ ದಾರಿಯಲ್ಲಿ ಸಾಗುತ್ತದೆ. ಮೊದಲು ಒಂದು ಕಾನೂನು ಅಥವಾ ಕೈಗಾರಿಕಾ ನೀತಿ. ಆಮೇಲೆ ಕಂಪನಿಯ ಅರ್ಜಿ, ಅದರ ಮೇಲೆ ಅಧಿಕಾರಿಗಳ ಟಿಪ್ಪಣಿ, ಸಮಿತಿ ಅಥವಾ ಸಂಪುಟದ ನಡಾವಳಿ, ಮಂಜೂರಾತಿ ಆದೇಶ. ನಂತರ ಒಪ್ಪಂದ, ಅದರ ಅನುಬಂಧಗಳು, ಕಾಲಕಾಲಕ್ಕೆ ಆದ ತಿದ್ದುಪಡಿಗಳು. ಕೊನೆಗೆ ಕಂಪನಿ ಸಲ್ಲಿಸುವ ವಾರ್ಷಿಕ ವರದಿ, ಸರ್ಕಾರದ ಪರಿಶೀಲನಾ ವರದಿ, ಹಣ ಬಿಡುಗಡೆಯ ಆದೇಶ, ಲೆಕ್ಕಪರಿಶೋಧನೆಯ ಆಕ್ಷೇಪಣೆ.

ಈ ಪಟ್ಟಿಯನ್ನು ನೋಟ್‌ಬುಕ್ಕಿನ ಎಡಬದಿಗೆ ಬರೆದು, ಬಲಬದಿಯಲ್ಲಿ ಸಿಕ್ಕಿದೆ, ಸಿಕ್ಕಿಲ್ಲ, ಯಾರ ಬಳಿ ಇದೆ ಎಂದು ಗುರುತು ಹಾಕಿ. ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬರುವುದು ಈ ಒಂದು ಪುಟ. ಮುಖ್ಯವಾಗಿ ತಿದ್ದುಪಡಿಗಳನ್ನು ಮರೆಯಬೇಡಿ. ಮೂಲ ಒಪ್ಪಂದಕ್ಕೆ ಸಮಾರಂಭ ಇರುತ್ತದೆ, ಕ್ಯಾಮೆರಾ ಇರುತ್ತದೆ. ಗುರಿಯನ್ನು ಇಳಿಸುವ, ಗಡುವನ್ನು ಮುಂದೂಡುವ ತಿದ್ದುಪಡಿಗೆ ಸಹಿ ಬೀಳುವುದು ಯಾರಿಗೂ ಗೊತ್ತಾಗುವುದಿಲ್ಲ.

ಕಂಪನಿಯ ಹೆಸರಿನ ಬಗ್ಗೆಯೂ ಎಚ್ಚರ ಬೇಕು. ಫಲಕದಲ್ಲಿರುವ ಹೆಸರು ಒಂದು, ಒಪ್ಪಂದಕ್ಕೆ ಸಹಿ ಹಾಕಿದ ಅಂಗಸಂಸ್ಥೆಯ ಹೆಸರು ಇನ್ನೊಂದು ಇರಬಹುದು. ಮಾತುಕತೆಯ ಹಂತದಲ್ಲಂತೂ ಯೋಜನೆಗೆ ಗುಪ್ತನಾಮ ಇಡುವ ರೂಢಿಯಿದೆ. ಕಂಪನಿ ನೋಂದಣಿ ದಾಖಲೆಯಿಂದ ಅಂಗಸಂಸ್ಥೆಗಳ ಪೂರ್ತಿ ಹೆಸರು ತೆಗೆದಿಟ್ಟುಕೊಳ್ಳಿ, ಇಲ್ಲದಿದ್ದರೆ ‘ಆ ಹೆಸರಿನಲ್ಲಿ ಯಾವುದೇ ದಾಖಲೆ ಇಲ್ಲ’ ಎಂಬ ಉತ್ತರ ಬರುತ್ತದೆ. ಆ ಉತ್ತರ ಅಕ್ಷರಶಃ ನಿಜವೇ ಆಗಿರುತ್ತದೆ.

ಹಂತ 3: ಈಗಾಗಲೇ ಬಯಲಲ್ಲಿರುವುದನ್ನು ಮೊದಲು ನೋಡಿ

ಅರ್ಜಿ ಹಾಕುವ ಮೊದಲು ಸಾರ್ವಜನಿಕ ದತ್ತಾಂಶ ತಡಕಾಡಿ. ಯುರೋಪಿಯನ್ ಒಕ್ಕೂಟದಲ್ಲಿ ನಿಗದಿತ ಮೊತ್ತ ಮೀರಿದ ನೆರವನ್ನು ಪಡೆದವರ ಹೆಸರಿನ ಸಮೇತ ಪ್ರಕಟಿಸುವ ವ್ಯವಸ್ಥೆ 2016ರಿಂದ ಇದೆ. ಆಗ ಮಿತಿ 5 ಲಕ್ಷ ಯೂರೊ ಇತ್ತು, ಈಚೆಗೆ ಅದನ್ನು ಸಾಮಾನ್ಯವಾಗಿ 1 ಲಕ್ಷಕ್ಕೆ ಇಳಿಸಿದ್ದಾರೆ. ಬ್ರಿಟನ್‌ನ 2022ರ ಸಬ್ಸಿಡಿ ನಿಯಂತ್ರಣ ಕಾಯ್ದೆ 2023ರ ಜನವರಿ 4ರಿಂದ ಜಾರಿಗೆ ಬಂದಿದ್ದು, ಅಲ್ಲಿಯೂ ಸಾರ್ವಜನಿಕ ದತ್ತಾಂಶಕೋಶ ಇದೆ. ಅಮೆರಿಕದಲ್ಲಿ ರಾಜ್ಯಗಳು ಮತ್ತು ಸ್ಥಳೀಯ ಆಡಳಿತಗಳ ಲೆಕ್ಕಪತ್ರಕ್ಕೆ ಮಾನದಂಡ ರೂಪಿಸುವ ಮಂಡಳಿ 2015ರಲ್ಲಿ 77ನೇ ಮಾನದಂಡ ಹೊರಡಿಸಿ, ಕಂಪನಿಗಳಿಗೆ ಬಿಟ್ಟುಕೊಟ್ಟ ತೆರಿಗೆ ಎಷ್ಟೆಂದು ವಾರ್ಷಿಕ ಲೆಕ್ಕದಲ್ಲಿ ತೋರಿಸಬೇಕೆಂದಿತು. ಅಲ್ಲಿನ ಗುಡ್ ಜಾಬ್ಸ್ ಫಸ್ಟ್ ಎಂಬ ಸಂಸ್ಥೆ 1998ರಿಂದ ಇದೇ ಕೆಲಸಕ್ಕೆ ನಿಂತಿದ್ದು, ಕಂಪನಿವಾರು ಸಬ್ಸಿಡಿ ಹುಡುಕುವ ದತ್ತಾಂಶಕೋಶವನ್ನು ಎಲ್ಲರಿಗೂ ತೆರೆದಿಟ್ಟಿದೆ. ಭಾರತದ ಕೇಂದ್ರ ಬಜೆಟ್ ಜೊತೆಗೂ 2006–07ರಿಂದ ತೆರಿಗೆ ರಿಯಾಯಿತಿಗಳಿಂದ ಕೈಬಿಟ್ಟ ಆದಾಯದ ಅಂದಾಜು ಪ್ರಕಟವಾಗುತ್ತಿದೆ. ಆದರೆ ಅದು ಒಟ್ಟು ಮೊತ್ತ, ಕಂಪನಿವಾರು ಹೆಸರು ಅದರಲ್ಲಿರುವುದಿಲ್ಲ.

ಇನ್ನೊಂದು ಬಾಗಿಲು ಕಂಪನಿಯ ಕಡೆಯಿಂದಲೇ ತೆರೆದಿರುತ್ತದೆ. ಅಂತರರಾಷ್ಟ್ರೀಯ ಲೆಕ್ಕಪತ್ರ ಮಾನದಂಡ 20ರ ಪ್ರಕಾರ, ಅದನ್ನು ಪಾಲಿಸುವ ಕಂಪನಿ ತಾನು ಪಡೆದ ಸರ್ಕಾರಿ ಅನುದಾನ ಯಾವ ಬಗೆಯದು, ಎಷ್ಟು, ಅದಕ್ಕೆ ಅಂಟಿದ ಯಾವ ಷರತ್ತು ಇನ್ನೂ ಈಡೇರಿಲ್ಲ ಎಂದು ಲೆಕ್ಕದ ಟಿಪ್ಪಣಿಯಲ್ಲಿ ಹೇಳಬೇಕು. ವಾರ್ಷಿಕ ವರದಿಯ ಬಣ್ಣದ ಪುಟಗಳನ್ನು ದಾಟಿ ಹಿಂದಿನ ಸಣ್ಣಕ್ಷರದ ಟಿಪ್ಪಣಿಗಳಿಗೆ ಹೋಗಿ ‘ಸರ್ಕಾರಿ ಅನುದಾನ’ ಎಂಬುದನ್ನು ಹುಡುಕಿ. ಸರ್ಕಾರ ಕೊಡಲೊಪ್ಪದ ಅಂಕಿ ಎಷ್ಟೋ ಸಲ ಅಲ್ಲಿ ಸಿಗುತ್ತದೆ.

ಹಂತ 4: ಮಾಹಿತಿ ಕೇಳಿ ಅರ್ಜಿ ಹಾಕಿ

ಸರ್ಕಾರಿ ದಾಖಲೆ ನೋಡುವ ಹಕ್ಕನ್ನು ಸ್ವೀಡನ್ 1766ರಲ್ಲೇ ಕಾನೂನು ಮಾಡಿತು. ಅಮೆರಿಕದಲ್ಲಿ 1966ರಲ್ಲಿ, ಬ್ರಿಟನ್‌ನಲ್ಲಿ 2000ದಲ್ಲಿ, ಭಾರತದಲ್ಲಿ 2005ರಲ್ಲಿ ಅಂಥ ಕಾಯ್ದೆ ಬಂತು. ಉತ್ತರಕ್ಕೆ ಭಾರತದಲ್ಲಿ 30 ದಿನ, ಬ್ರಿಟನ್‌ನಲ್ಲಿ ಮತ್ತು ಅಮೆರಿಕದ ಫೆಡರಲ್ ಕಾಯ್ದೆಯಲ್ಲಿ 20 ಕೆಲಸದ ದಿನಗಳ ಗಡುವಿದೆ.

ಅರ್ಜಿ ಸೋಲುವುದು ಹೆಚ್ಚಾಗಿ ಪ್ರಶ್ನೆ ಕೇಳುವ ರೀತಿಯಿಂದ. ‘ಈ ಕಂಪನಿಗೆ ಯಾಕೆ ಇಷ್ಟು ರಿಯಾಯಿತಿ ಕೊಟ್ಟಿರಿ?’ ಎಂದು ಬರೆದರೆ, ಅಭಿಪ್ರಾಯ ಕೊಡಲು ಅವಕಾಶವಿಲ್ಲ ಎಂದು ಒಂದೇ ಸಾಲಿನಲ್ಲಿ ಮುಗಿಸುತ್ತಾರೆ. ಕಾರಣ ಕೇಳಬೇಡಿ, ಕಾಗದ ಕೇಳಿ. ಕಾರಣ ಆ ಕಾಗದದಲ್ಲೇ ಇರುತ್ತದೆ. ನಾನಾದರೆ ಹೀಗೆ ಬರೆಯುತ್ತೇನೆ:

‘ಇಂಥ ಸಂಸ್ಥೆಗೆ ಮತ್ತು ಅದರ ಅಂಗಸಂಸ್ಥೆಗಳಿಗೆ ಇಂಥ ದಿನಾಂಕದಿಂದ ಇಂಥ ದಿನಾಂಕದವರೆಗೆ ನೀಡಿದ ಆರ್ಥಿಕ ನೆರವಿಗೆ ಸಂಬಂಧಿಸಿ ಕೆಳಗಿನ ದಾಖಲೆಗಳ ಪ್ರತಿ ಒದಗಿಸಿ. ಒಂದು, ಒಪ್ಪಂದ, ಅದರ ಎಲ್ಲ ಅನುಬಂಧಗಳು ಮತ್ತು ತಿದ್ದುಪಡಿಗಳು. ಎರಡು, ಮಂಜೂರಾತಿಗೆ ಮುನ್ನ ಸಿದ್ಧಪಡಿಸಿದ ವೆಚ್ಚ ಮತ್ತು ಪ್ರಯೋಜನದ ವಿಶ್ಲೇಷಣೆ ಹಾಗೂ ಕಡತದ ಟಿಪ್ಪಣಿ ಹಾಳೆಗಳು. ಮೂರು, ವರ್ಷವಾರು ಬಿಡುಗಡೆಯಾದ ಅಥವಾ ಮನ್ನಾ ಮಾಡಿದ ಮೊತ್ತ. ನಾಲ್ಕು, ಷರತ್ತುಗಳ ಪಾಲನೆ ಕುರಿತು ಸಂಸ್ಥೆ ಸಲ್ಲಿಸಿದ ವಾರ್ಷಿಕ ವರದಿಗಳು ಮತ್ತು ಅವುಗಳ ಮೇಲೆ ಇಲಾಖೆ ನಡೆಸಿದ ಪರಿಶೀಲನೆಯ ವರದಿಗಳು. ಐದು, ಹಣ ಮರುವಸೂಲಿಗೆ ನೀಡಿದ ನೋಟಿಸ್‌ಗಳಿದ್ದರೆ ಅವುಗಳ ಪ್ರತಿ. ಯಾವುದಾದರೂ ಭಾಗವನ್ನು ಬಹಿರಂಗಪಡಿಸಲಾಗದಿದ್ದರೆ ಆ ಭಾಗವನ್ನು ಮಾತ್ರ ಮುಚ್ಚಿ, ಯಾವ ಕಲಮಿನ ಅಡಿ ಎಂದು ತಿಳಿಸಿ, ಉಳಿದದ್ದನ್ನು ಕೊಡಿ.’

ಕೊನೆಯ ವಾಕ್ಯವನ್ನು ಬಿಡಬೇಡಿ. ಒಂದು ಸೂಕ್ಷ್ಮ ಅಂಕಿಯ ನೆಪದಲ್ಲಿ ಇಡೀ ಒಪ್ಪಂದವನ್ನು ಮುಚ್ಚಿಡುವುದನ್ನು ಆ ವಾಕ್ಯ ತಡೆಯುತ್ತದೆ. ನಾಲ್ಕನೆಯ ಅಂಶಕ್ಕೆ ‘ಅಂಥ ವರದಿ ಇಲ್ಲ’ ಎಂಬ ಉತ್ತರ ಬಂದರೆ ಬೇಸರಪಡಬೇಡಿ. ನೆರವು ಕೊಟ್ಟವರು ಪರಿಶೀಲನೆಯನ್ನೇ ಮಾಡಿಲ್ಲ ಎಂಬುದಕ್ಕೆ ಅದು ಅವರೇ ಸಹಿ ಹಾಕಿ ಕೊಟ್ಟ ದಾಖಲೆ.

‘ವ್ಯಾಪಾರ ಗೋಪ್ಯತೆ’ ಎಂಬ ಆಕ್ಷೇಪ ಬಂದೇ ಬರುತ್ತದೆ. ಕಂಪನಿಯ ತಯಾರಿಕಾ ವಿಧಾನ, ಗ್ರಾಹಕರ ಪಟ್ಟಿ, ಕಚ್ಚಾವಸ್ತು ಕೊಳ್ಳುವ ದರ ಗೋಪ್ಯವಾಗಿರುವುದು ನ್ಯಾಯವೇ. ಆದರೆ ಸಾರ್ವಜನಿಕ ಹಣ ಎಷ್ಟು ಹೋಯಿತು, ಬದಲಿಗೆ ಏನು ಕೊಡುವ ಮಾತಾಯಿತು ಎಂಬುದು ಕಂಪನಿಯ ಗುಟ್ಟಲ್ಲ, ಜನರ ಲೆಕ್ಕ. ಭಾರತದ ಕಾಯ್ದೆಯ 8(1)(ಡಿ) ಕಲಮು ವ್ಯಾಪಾರ ಗೋಪ್ಯತೆಗೆ ರಕ್ಷಣೆ ಕೊಡುತ್ತಲೇ, ವಿಶಾಲ ಸಾರ್ವಜನಿಕ ಹಿತಾಸಕ್ತಿ ಇದ್ದರೆ ಕೊಡಬಹುದು ಎನ್ನುತ್ತದೆ. ಬ್ರಿಟನ್ ಕಾಯ್ದೆಯಲ್ಲೂ ಸಾರ್ವಜನಿಕ ಹಿತದ ತಕ್ಕಡಿ ಇದೆ. ಮೇಲ್ಮನವಿಯಲ್ಲಿ ಈ ಎರಡು ಬಗೆಯ ಮಾಹಿತಿಯನ್ನು ಬೇರೆ ಬೇರೆ ಮಾಡಿ ತೋರಿಸಿದರೆ ವಾದಕ್ಕೆ ಬಲ ಬರುತ್ತದೆ.

ಗೋಪ್ಯತೆಯ ಕರಾರು ಎಷ್ಟು ಮೊದಲೇ ಶುರುವಾಗುತ್ತದೆ ಎಂಬುದಕ್ಕೆ ಅಮೆಜಾನ್‌ನ ಎರಡನೇ ಪ್ರಧಾನ ಕಚೇರಿಯ ಪೈಪೋಟಿ ಉದಾಹರಣೆ. 2017ರಲ್ಲಿ ಕಂಪನಿ ಆಹ್ವಾನ ಕೊಟ್ಟಾಗ 238 ಪ್ರಸ್ತಾವಗಳು ಬಂದವು. ಅಂತಿಮ ಸುತ್ತಿಗೆ ಬಂದ ಹಲವು ನಗರಗಳು ಏನು ಕೊಡುತ್ತೇವೆ ಎಂದು ತಮ್ಮ ಜನರಿಗೇ ಹೇಳದಿರುವ ಕರಾರಿಗೆ ಸಹಿ ಹಾಕಿದ್ದವು. ನ್ಯೂಯಾರ್ಕ್ 25,000 ಕೆಲಸಗಳಿಗೆ ಬದಲಾಗಿ ಸುಮಾರು 300 ಕೋಟಿ ಡಾಲರ್ ನೆರವು ಕೊಡಲು ಒಪ್ಪಿದೆ ಎಂಬುದು 2018ರ ನವೆಂಬರ್‌ನಲ್ಲಿ ಬಯಲಾಯಿತು. ಜನರೂ ಚುನಾಯಿತ ಪ್ರತಿನಿಧಿಗಳೂ ವಿರೋಧಿಸಿದರು. 2019ರ ಫೆಬ್ರುವರಿಯಲ್ಲಿ ಕಂಪನಿ ಹಿಂದೆ ಸರಿಯಿತು. ಆ ಯೋಜನೆ ಒಳ್ಳೆಯದಿತ್ತೋ ಕೆಟ್ಟದ್ದಿತ್ತೋ ಎಂಬ ಚರ್ಚೆ ಇವತ್ತಿಗೂ ಇದೆ. ಆ ಚರ್ಚೆ ನಡೆಯಬೇಕಿದ್ದದ್ದು ಘೋಷಣೆಗೆ ಮೊದಲು.

ಹಂತ 5: ಒಪ್ಪಂದವನ್ನು ಪೆನ್ಸಿಲ್ ಹಿಡಿದು ಓದಿ

ಒಪ್ಪಂದ ಕೈಗೆ ಬಂದ ದಿನ ಮೊತ್ತದ ಪುಟಕ್ಕೆ ಓಡಬೇಡಿ. ‘ವ್ಯಾಖ್ಯೆಗಳು’ ಎಂಬ ಭಾಗಕ್ಕೆ ಹೋಗಿ, ‘ಉದ್ಯೋಗ’ ಎಂದರೆ ಏನೆಂದು ಬರೆದಿದ್ದಾರೆ ನೋಡಿ. ಇಡೀ ಒಪ್ಪಂದದ ಬಿಗಿ ಅಥವಾ ಸಡಿಲ ಆ ಒಂದು ಪದದಲ್ಲಿದೆ. ಪೂರ್ಣಾವಧಿ ಕೆಲಸ ಮಾತ್ರವೇ? ಗುತ್ತಿಗೆ ಕಾರ್ಮಿಕರು ಲೆಕ್ಕಕ್ಕೆ ಬರುತ್ತಾರೆಯೇ? ಕಟ್ಟಡ ಕಟ್ಟುವಾಗ ಆರು ತಿಂಗಳು ದುಡಿದವರನ್ನೂ ಸೇರಿಸಿದ್ದಾರೆಯೇ? ಕಂಪನಿಯ ಇನ್ನೊಂದು ಘಟಕದಿಂದ ವರ್ಗವಾಗಿ ಬಂದವರು ‘ಹೊಸ’ ಕೆಲಸಗಾರರೇ? ‘ಪರೋಕ್ಷ ಉದ್ಯೋಗ’ವನ್ನೂ ಕೂಡಿಸಿದ್ದರೆ ಆ ಸಂಖ್ಯೆಯನ್ನು ಯಾರೂ ಎಣಿಸಿ ತೋರಿಸಲಾರರು ಎಂದೇ ತಿಳಿಯಿರಿ. ಕನಿಷ್ಠ ವೇತನ ಎಷ್ಟೆಂದು ಬರೆದಿದೆಯೇ, ಎಣಿಕೆ ಯಾವ ಸಂಖ್ಯೆಯಿಂದ ಶುರು ಎಂಬ ಆಧಾರ ವರ್ಷ ಇದೆಯೇ ಎಂಬುದನ್ನೂ ನೋಡಿ. ಆಧಾರ ವರ್ಷ ಇಲ್ಲದಿದ್ದರೆ ಮೊದಲೇ ಇದ್ದ ಕೆಲಸಗಳನ್ನೂ ಹೊಸದೆಂದು ತೋರಿಸಬಹುದು.

ಎರಡನೆಯದಾಗಿ ಕ್ರಿಯಾಪದಗಳನ್ನು ನೋಡಿ. ‘ಸಂಸ್ಥೆಯು 500 ಉದ್ಯೋಗ ಒದಗಿಸತಕ್ಕದ್ದು’ ಎಂಬುದಕ್ಕೂ ‘500 ಉದ್ಯೋಗ ಒದಗಿಸಲು ಪ್ರಯತ್ನಿಸತಕ್ಕದ್ದು’ ಎಂಬುದಕ್ಕೂ ಕಾಗದದ ಮೇಲೆ ಒಂದೇ ಪದದ ಅಂತರ. ಮೊದಲನೆಯದು ಹೊಣೆ. ಎರಡನೆಯದರಲ್ಲಿ ಕಂಪನಿ ಪ್ರಯತ್ನಪಟ್ಟೆವು ಎಂದು ಪತ್ರ ಬರೆದರೆ ಸಾಕು. ಇಂಥ ಸಾಲುಗಳನ್ನು ಪುಟಸಂಖ್ಯೆಯ ಸಮೇತ ನಕಲು ಮಾಡಿಟ್ಟುಕೊಳ್ಳಿ.

ಮೂರನೆಯದು ಇರಬೇಕಾಗಿದ್ದು ಇಲ್ಲದಿರುವ ಷರತ್ತು. 2013ರಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯ ಬೋಯಿಂಗ್ ಕಂಪನಿಗೆ ಹೆಚ್ಚಾಗಿ ಅನುಕೂಲವಾಗುವ ತೆರಿಗೆ ರಿಯಾಯಿತಿಯನ್ನು 2040ರವರೆಗೆ ವಿಸ್ತರಿಸಿತು. ಅಂದಾಜು ಮೊತ್ತ 870 ಕೋಟಿ ಡಾಲರ್. 777ಎಕ್ಸ್ ವಿಮಾನ ಮತ್ತು ಅದರ ರೆಕ್ಕೆ ರಾಜ್ಯದಲ್ಲೇ ತಯಾರಾಗಬೇಕು ಎಂಬ ಷರತ್ತಿತ್ತು. ಇಷ್ಟು ಜನ ಕೆಲಸದಲ್ಲಿರಬೇಕು ಎಂಬ ಷರತ್ತು ಇರಲಿಲ್ಲ. ಮುಂದಿನ ವರ್ಷಗಳಲ್ಲಿ ಅಲ್ಲಿ ಸಾವಿರಾರು ಕೆಲಸ ಕಡಿಮೆಯಾದವು, ರಿಯಾಯಿತಿ ನಡೆದೇ ಇತ್ತು. ಅದರ ಮುಖ್ಯ ಭಾಗವನ್ನು 2020ರಲ್ಲಿ ತೆಗೆದದ್ದು ಕೆಲಸ ಹೋದ ಕಾರಣಕ್ಕಲ್ಲ, ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ನಡೆಯುತ್ತಿದ್ದ ವ್ಯಾಜ್ಯದ ಕಾರಣಕ್ಕೆ.

ನಾಲ್ಕನೆಯದು ಮರುವಸೂಲಿಯ ಕಲಮು. ಮಾತು ತಪ್ಪಿದರೆ ಹಣ ವಾಪಸ್ ಬರುತ್ತದೆಯೇ, ಬಡ್ಡಿ ಸಮೇತವೇ, ಎಷ್ಟು ವರ್ಷದವರೆಗೆ, ನಿರ್ಧರಿಸುವವರು ಯಾರು? ‘ಸರ್ಕಾರ ವಸೂಲಿ ಮಾಡಬಹುದು’ ಎಂದಿದ್ದರೆ ಅದು ಅಧಿಕಾರಿಯ ಮರ್ಜಿಗೆ ಬಿಟ್ಟ ಮಾತು. ಜನರಲ್ ಮೋಟರ್ಸ್ ಅಮೆರಿಕದ ಒಹಾಯೊ ರಾಜ್ಯದ ಲಾರ್ಡ್ಸ್‌ಟೌನ್ ಕಾರ್ಖಾನೆಯನ್ನು 2019ರಲ್ಲಿ ಮುಚ್ಚಿದಾಗ, ಪಡೆದಿದ್ದ ಸುಮಾರು 6 ಕೋಟಿ ಡಾಲರ್ ತೆರಿಗೆ ಲಾಭದಲ್ಲಿ 2.8 ಕೋಟಿ ವಾಪಸ್ ಕೊಡಬೇಕು, ಜೊತೆಗೆ ಆ ಪ್ರದೇಶದಲ್ಲಿ 1.2 ಕೋಟಿ ಖರ್ಚು ಮಾಡಬೇಕು ಎಂದು ರಾಜ್ಯ 2020ರಲ್ಲಿ ತೀರ್ಮಾನಿಸಿತು. ಪೂರ್ತಿ ಮೊತ್ತ ಬರಲಿಲ್ಲ, ಆದರೆ ಒಪ್ಪಂದದಲ್ಲಿ ಕಲಮು ಇದ್ದುದರಿಂದ ಚೌಕಾಸಿಗೆ ಕೂರಲು ಸಾಧ್ಯವಾಯಿತು.

ನೋಕಿಯಾ ಪ್ರಕರಣ ಇನ್ನೂ ಮನಸ್ಸಿಗೆ ತಾಗುವಂಥದ್ದು. 2008ರಲ್ಲಿ ಅದು ಜರ್ಮನಿಯ ಬೋಖುಮ್‌ನಲ್ಲಿದ್ದ ಮೊಬೈಲ್ ಕಾರ್ಖಾನೆ ಮುಚ್ಚಿ ಉತ್ಪಾದನೆಯನ್ನು ರೊಮೇನಿಯಾದ ಕ್ಲೂಜ್ ಕಡೆಗೆ ಒಯ್ಯುವುದಾಗಿ ಹೇಳಿತು. ಸುಮಾರು 2,300 ಜನರ ಕೆಲಸ ಅದಕ್ಕೆ ಕಟ್ಟಿಕೊಂಡಿತ್ತು. ಸಬ್ಸಿಡಿ ಕೊಟ್ಟಿದ್ದ ರಾಜ್ಯ ಸರ್ಕಾರ ಹಣ ವಾಪಸ್ ಕೇಳಿತು. ಕೊನೆಗೆ ರಾಜಿಯಾಗಿ, ಆ ಊರಿನ ಪುನಶ್ಚೇತನ ಯೋಜನೆಗೆ ಕಂಪನಿ 2 ಕೋಟಿ ಯೂರೊ ಕೊಟ್ಟಿತು. ಮೂರೇ ವರ್ಷಕ್ಕೆ, 2011ರಲ್ಲಿ, ಕ್ಲೂಜ್ ಕಾರ್ಖಾನೆಯನ್ನೂ ಮುಚ್ಚುವುದಾಗಿ ಘೋಷಣೆ ಬಂತು. ಅವಧಿಯ ಷರತ್ತು ಯಾಕೆ ಬೇಕು ಎಂದು ಕೇಳುವವರಿಗೆ ನಾನು ಈ ಎರಡು ಊರುಗಳ ಹೆಸರು ಹೇಳುತ್ತೇನೆ.

ಒಳ್ಳೆಯ ಮಾದರಿಯೂ ಇದೆ. ಅಮೆರಿಕದ ಮಿನೆಸೋಟ ರಾಜ್ಯದ ವ್ಯಾಪಾರ ಸಬ್ಸಿಡಿ ಕಾನೂನಿನಲ್ಲಿ ಕೆಲಸ ಮತ್ತು ವೇತನದ ಗುರಿಯನ್ನು ಎರಡು ವರ್ಷದೊಳಗೆ ಮುಟ್ಟಬೇಕು, ಕನಿಷ್ಠ ಐದು ವರ್ಷ ಅಲ್ಲೇ ವ್ಯವಹಾರ ನಡೆಸಬೇಕು, ತಪ್ಪಿದರೆ ಬಡ್ಡಿ ಸಮೇತ ಮರಳಿಸಬೇಕು ಎಂದಿದೆ. ನಿಮ್ಮ ಕೈಯಲ್ಲಿರುವ ಒಪ್ಪಂದವನ್ನು ಇದರ ಪಕ್ಕದಲ್ಲಿಟ್ಟು ಹೋಲಿಸಿ.

ಹಂತ 6: ಲೆಕ್ಕ ಹಾಕಿ

ಮೊದಲ ಲೆಕ್ಕ ಸರಳ ಭಾಗಾಕಾರ. ಒಟ್ಟು ನೆರವನ್ನು ಕೆಲಸಗಳ ಸಂಖ್ಯೆಯಿಂದ ಭಾಗಿಸಿ. ಫಾಕ್ಸ್‌ಕಾನ್‌ನ ಮೂಲ ಒಪ್ಪಂದದಲ್ಲಿ 300 ಕೋಟಿಯನ್ನು 13,000ದಿಂದ ಭಾಗಿಸಿದರೆ ಒಂದು ಕೆಲಸಕ್ಕೆ ಸುಮಾರು 2,30,000 ಡಾಲರ್. 2021ರ ತಿದ್ದುಪಡಿಯಲ್ಲಿ 8 ಕೋಟಿಯನ್ನು 1,454ರಿಂದ ಭಾಗಿಸಿದರೆ ಸುಮಾರು 55,000. ಎರಡೂ ಸಂಖ್ಯೆಗಳನ್ನು ಅಕ್ಕಪಕ್ಕ ಇಟ್ಟಾಗ ಮೂಲ ಒಪ್ಪಂದ ಎಷ್ಟು ದುಬಾರಿಯಾಗಿತ್ತು ಎಂಬುದು ಯಾರಿಗಾದರೂ ಅರ್ಥವಾಗುತ್ತದೆ. ಆದರೆ ಸ್ಥಳೀಯ ಆಡಳಿತದ ಜಮೀನು, ರಸ್ತೆಯ ಖರ್ಚು ಈ ಭಾಗಾಕಾರದಲ್ಲಿ ಇಲ್ಲ. ಅದನ್ನು ಬೇರೆ ಸಾಲಿನಲ್ಲಿ ಬರೆದು ಸೇರಿಸಿ.

ಎರಡನೆಯದು ಕಷ್ಟದ ಪ್ರಶ್ನೆ: ನೆರವು ಕೊಡದಿದ್ದರೂ ಕಂಪನಿ ಬರುತ್ತಿತ್ತೇ? ಅಮೆರಿಕದ ಅಪ್‌ಜಾನ್ ಸಂಸ್ಥೆಯ ಅರ್ಥಶಾಸ್ತ್ರಜ್ಞ ತಿಮೊತಿ ಬಾರ್ಟಿಕ್ 2018ರಲ್ಲಿ ಈ ಬಗ್ಗೆ ನಡೆದಿದ್ದ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದಾಗ, ನೆರವಿನ ಕಾರಣಕ್ಕೇ ಆ ಜಾಗ ಆರಿಸಿಕೊಂಡ ಕಂಪನಿಗಳ ಪಾಲು 2ರಿಂದ 25 ಶೇಕಡದ ನಡುವೆ ಇತ್ತು. ಅಂದರೆ ನೂರರಲ್ಲಿ ಕನಿಷ್ಠ 75 ಕಂಪನಿಗಳು ಹೇಗೂ ಅದೇ ನಿರ್ಧಾರ ಮಾಡುತ್ತಿದ್ದವು. ಈ ಪ್ರಶ್ನೆಗೆ ಮಂಜೂರಾತಿ ಟಿಪ್ಪಣಿಯಲ್ಲಿ ಏನು ಉತ್ತರ ಬರೆದಿದ್ದಾರೆ ನೋಡಿ. ಕಂಪನಿಯ ಹೇಳಿಕೆಯನ್ನೇ ಎತ್ತಿ ಬರೆದಿದ್ದರೆ ಅದು ಪರಿಶೀಲನೆ ಅಲ್ಲ.

ಮೂರನೆಯದಾಗಿ, ಬಂದ ಕೆಲಸ ಎಲ್ಲಿಂದ ಬಂತು ಎಂದು ಕೇಳಿ. ಕನ್ಸಾಸ್ ಸಿಟಿ ಪ್ರದೇಶ ಅಮೆರಿಕದ ಎರಡು ರಾಜ್ಯಗಳ ಗಡಿಯಲ್ಲಿ ಹರಡಿದೆ. ಕನ್ಸಾಸ್ ಮತ್ತು ಮಿಸೌರಿ ರಾಜ್ಯಗಳು ವರ್ಷಗಟ್ಟಲೆ ತೆರಿಗೆ ರಿಯಾಯಿತಿ ಕೊಟ್ಟು, ಗಡಿಯ ಆಚೆಗಿದ್ದ ಕಂಪನಿಯನ್ನು ಈಚೆಗೆ, ಈಚೆಗಿದ್ದದ್ದನ್ನು ಆಚೆಗೆ ಎಳೆದುಕೊಂಡವು. ಕೆಲಸ ಮಾಡುವವರು ಅದೇ ಜನ, ಇದ್ದದ್ದೂ ಅದೇ ನಗರದಲ್ಲಿ. 2019ರಲ್ಲಿ ಎರಡೂ ರಾಜ್ಯಗಳು ಈ ಪೈಪೋಟಿಗೆ ಕದನವಿರಾಮ ಹೇಳಿದವು.

ಇನ್ನು ಬಿಟ್ಟುಕೊಟ್ಟ ತೆರಿಗೆ ಯಾರ ಪಾಲಿನದ್ದು ಎಂಬುದು. ಆಸ್ತಿ ತೆರಿಗೆಯಿಂದ ಶಾಲೆಗಳು ನಡೆಯುವ ಕಡೆ ಕಂಪನಿಗೆ ಕೊಟ್ಟ ವಿನಾಯಿತಿ ಶಾಲೆಯ ಆದಾಯವನ್ನೇ ಮುಟ್ಟುತ್ತದೆ. ಟೆಕ್ಸಸ್‌ನಲ್ಲಿ ಶಾಲಾ ತೆರಿಗೆ ವಿನಾಯಿತಿ ಕೊಡುತ್ತಿದ್ದ 313ನೇ ಅಧ್ಯಾಯ ಎಂಬ ಕಾನೂನು 2022ರ ಕೊನೆಗೆ ಮುಗಿಯಿತು. ಕಾನೂನಿಗೆ ಅಂತಿಮ ದಿನಾಂಕ ಇದ್ದುದರಿಂದ ಶಾಸಕರು ಅದನ್ನು ಮುಂದುವರಿಸಬೇಕೇ ಎಂದು ಮತ್ತೆ ಯೋಚಿಸಬೇಕಾಯಿತು, ಮುಂದುವರಿಸಲಿಲ್ಲ. ಮಂಜೂರು ಮಾಡಿದ ಸರ್ಕಾರ ಒಂದು, ಆದಾಯ ಕಳೆದುಕೊಂಡ ಸಂಸ್ಥೆ ಇನ್ನೊಂದು ಆಗಿದ್ದರೆ ಆ ಸಂಸ್ಥೆಯವರನ್ನು ತಪ್ಪದೆ ಮಾತನಾಡಿಸಿ.

ಹಂತ 7: ಕಾಗದವನ್ನು ನೆಲದ ಜೊತೆ ತಾಳೆ ನೋಡಿ

ಕಂಪನಿ 500 ಜನ ಇದ್ದಾರೆ ಎಂದು ವರದಿ ಕೊಟ್ಟಿದೆ ಎಂದಿಟ್ಟುಕೊಳ್ಳಿ. ಅದನ್ನು ಕಂಪನಿಯ ಮಾತಿನಿಂದಲೇ ಒಪ್ಪಬೇಕಿಲ್ಲ. ಎಷ್ಟು ಜನರ ಹೆಸರಿನಲ್ಲಿ ಭವಿಷ್ಯ ನಿಧಿ ಅಥವಾ ಸಾಮಾಜಿಕ ವಿಮೆ ಕಟ್ಟುತ್ತಿದ್ದಾರೆ ಎಂಬ ಒಟ್ಟು ಸಂಖ್ಯೆಯನ್ನು ಸಂಬಂಧಪಟ್ಟ ಕಚೇರಿಯಿಂದ ಕೇಳಬಹುದು. ಹೆಸರುಗಳು ಬೇಡ, ಸಂಖ್ಯೆ ಸಾಕು. ಪಾಳಿ ಬದಲಾಗುವ ಹೊತ್ತಿಗೆ ಗೇಟಿನ ಬಳಿ ಒಂದು ವಾರ ನಿಂತು ಎಣಿಸಿದರೆ ಅದಕ್ಕೆ ಕಾನೂನಿನ ಬಲ ಇರುವುದಿಲ್ಲ, ಆದರೆ ಮುಂದೆ ಯಾವ ದಾಖಲೆ ಕೇಳಬೇಕು ಎಂಬ ಅಂದಾಜು ಸಿಗುತ್ತದೆ. ಕಾರ್ಮಿಕ ಸಂಘದವರು, ಗುತ್ತಿಗೆದಾರರು, ಕೆಲಸ ಬಿಟ್ಟವರು ಹೇಳುವುದನ್ನೂ ಕೇಳಿ. ಅವರ ಹೆಸರು ಹೊರಬರದಂತೆ ನೋಡಿಕೊಳ್ಳುವುದು ನಿಮ್ಮ ಹೊಣೆ.

ಬರೆಯುವ ಅಥವಾ ದೂರು ಕೊಡುವ ಮೊದಲು ನಿಮ್ಮ ಅಂಕಿಗಳನ್ನು ಕಂಪನಿಗೂ ಇಲಾಖೆಗೂ ಕಳುಹಿಸಿ, ಉತ್ತರಕ್ಕೆ ಸಾಕಷ್ಟು ಸಮಯ ಕೊಡಿ. ಇದನ್ನು ಶಿಷ್ಟಾಚಾರಕ್ಕೆಂದು ಹೇಳುತ್ತಿಲ್ಲ. ನಿಮಗೆ ಸಿಗದ ಒಂದು ತಿದ್ದುಪಡಿ ಪತ್ರ ಅವರ ಬಳಿ ಇರಬಹುದು. ಕಂಪನಿ ಮಾತು ಉಳಿಸಿಕೊಂಡಿರುವುದು ಕಂಡರೆ ಅದನ್ನೂ ಅಷ್ಟೇ ಸ್ಪಷ್ಟವಾಗಿ ಬರೆಯಿರಿ. ಹಿಂದುಳಿದ ಪ್ರದೇಶಕ್ಕೆ ನಿಜವಾಗಿಯೂ ಬದುಕು ತಂದ ನೆರವುಗಳಿವೆ. ಅವುಗಳ ಲೆಕ್ಕವನ್ನೂ ಇಟ್ಟರೆ, ಲೆಕ್ಕ ಕೊಡದವರ ಬಗ್ಗೆ ನೀವು ಆಡುವ ಮಾತಿಗೆ ತೂಕ ಇರುತ್ತದೆ.

ಹಂತ 8: ಸರಿಯಾದ ಬಾಗಿಲು ತಟ್ಟಿ

ಎಲ್ಲರಿಗೂ ಒಂದೇ ಮನವಿಯ ಪ್ರತಿ ಕಳುಹಿಸಿದರೆ ಯಾರೂ ತಮ್ಮದೆಂದುಕೊಳ್ಳುವುದಿಲ್ಲ. ಹಣ ಬಿಡುಗಡೆಯಲ್ಲಿ ನಿಯಮ ಮೀರಿದ್ದರೆ ಸರ್ಕಾರಿ ಲೆಕ್ಕಪರಿಶೋಧಕರಿಗೆ, ಕಡತ ಸಂಖ್ಯೆ ಮತ್ತು ದಿನಾಂಕದ ಸಮೇತ ಒಂದೇ ಪುಟದಲ್ಲಿ ಬರೆಯಿರಿ. ಶಾಸನಸಭೆಯ ಲೆಕ್ಕಪತ್ರ ಸಮಿತಿಯ ಸದಸ್ಯರಿಗೆ ದೂರಿಗಿಂತ ಸಿದ್ಧ ಪ್ರಶ್ನೆ ಉಪಯೋಗ. ‘ಇಂಥ ವರ್ಷದ ಗುರಿ ಎಷ್ಟಿತ್ತು, ಸಾಧನೆ ಎಷ್ಟು, ವಸೂಲಿ ನೋಟಿಸ್ ಕೊಡಲಾಗಿದೆಯೇ?’ ಎಂಬ ಮೂರು ತುಂಡಿನ ಪ್ರಶ್ನೆಗೆ ಮಂತ್ರಿ ಸದನದಲ್ಲಿ ಉತ್ತರ ಕೊಟ್ಟರೆ ಅದು ಕಡತಕ್ಕಿಂತ ಗಟ್ಟಿಯಾದ ದಾಖಲೆ.

ಯುರೋಪಿಯನ್ ಒಕ್ಕೂಟದಲ್ಲಿ ಕಾನೂನುಬಾಹಿರ ನೆರವಿನಿಂದ ತೊಂದರೆಗೆ ಒಳಗಾದ ಪ್ರತಿಸ್ಪರ್ಧಿಗಳು ಮತ್ತಿತರ ಹಿತಾಸಕ್ತರು ಕಮಿಷನ್‌ಗೆ ನೇರವಾಗಿ ದೂರು ಕೊಡಬಹುದು. ಬ್ರಿಟನ್‌ನಲ್ಲಿ ಸಬ್ಸಿಡಿ ನಿರ್ಧಾರವನ್ನು ಸ್ಪರ್ಧಾ ಮೇಲ್ಮನವಿ ನ್ಯಾಯಮಂಡಳಿಯಲ್ಲಿ ಪ್ರಶ್ನಿಸಬಹುದು, ಆದರೆ ಸಾಮಾನ್ಯವಾಗಿ ಒಂದೇ ತಿಂಗಳ ಗಡುವು. ಇಂಥ ಗಡುವುಗಳು ಎಲ್ಲ ಕಡೆಯೂ ಇರುತ್ತವೆ. ಹೋರಾಟ ಬಲವಾಗಿದ್ದರೂ ದಿನ ಮೀರಿತೆಂದರೆ ನ್ಯಾಯಮಂಡಳಿ ಅರ್ಜಿಯನ್ನೇ ತೆಗೆದುಕೊಳ್ಳದಿರಬಹುದು.

ಹೊಸ ನೆರವು ಇನ್ನೂ ಚರ್ಚೆಯಲ್ಲಿದ್ದರೆ ಬೇಡಿಕೆಗಳನ್ನು ಆಗಲೇ ಇಡಿ: ಸಹಿಗೆ ಮೊದಲು ಕರಡು ಒಪ್ಪಂದ ಪ್ರಕಟವಾಗಲಿ, ಕೆಲಸ ಕೊಟ್ಟ ಮೇಲಷ್ಟೇ ಹಣ ಹೋಗಲಿ, ಮರುವಸೂಲಿ ಕಡ್ಡಾಯವಾಗಲಿ, ಯೋಜನೆಗೆ ಅಂತಿಮ ದಿನಾಂಕ ಇರಲಿ. ಸಹಿ ಬಿದ್ದ ಮೇಲೆ ಹತ್ತು ವರ್ಷ ಹೋರಾಡಿ ಗಳಿಸುವುದಕ್ಕಿಂತ ಹೆಚ್ಚಿನದನ್ನು ಸಹಿಗೆ ಮುಂಚಿನ ಹತ್ತು ದಿನಗಳಲ್ಲಿ ಗಳಿಸಬಹುದು.

ಸಹಿ ಆಗಲೇ ಬಿದ್ದಿದ್ದರೆ ಒಪ್ಪಂದದಲ್ಲಿ ವಾರ್ಷಿಕ ವರದಿ ಸಲ್ಲಿಸುವ ಕೊನೆಯ ದಿನ ಯಾವುದು ಎಂದು ನೋಡಿ, ಅದರ ಮರುದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಆ ದಿನ ನಾಲ್ಕನೇ ಹಂತದ ಅರ್ಜಿಯನ್ನು ಹೊಸ ದಿನಾಂಕ ಹಾಕಿ ಮತ್ತೆ ಕಳುಹಿಸಿ. ಒಪ್ಪಂದದ ಅವಧಿ ಮುಗಿಯುವವರೆಗೆ ಪ್ರತಿ ವರ್ಷ ಹೀಗೆಯೇ ಮಾಡಿ.